ಸೆಟ್ಟಿಂಗ್ ಬದಲಿಸಿದರೂ ಬಿಲ್ಡ್‌ಗೆ ಗೊತ್ತೇ ಆಗುವುದಿಲ್ಲ, ಇದಕ್ಕೆ ಸರಿಯಾದ ದಾರಿ ಯಾವುದು?

ಮರಕುಟಿಗ
ಎರಡು ದಿನ ಪೂರ್ತಿ ಹಾಳಾಯಿತು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು ಸಿ ಭಾಷೆಯ ಪ್ರಾಜೆಕ್ಟ್, ಸುಮಾರು 900 ಫೈಲ್, ಬಿಲ್ಡ್ ಮಾಡುವುದು, ಅಂದರೆ ಫೈಲ್‌ಗಳನ್ನು ಕಂಪೈಲ್ ಮಾಡಿ ಜೋಡಿಸಿ ಪ್ರೋಗ್ರಾಂ ಮಾಡುವುದು, ಜಿಎನ್‌ಯು ಮೇಕ್ ಅನ್ನುವ ಟೂಲ್‌ನಲ್ಲಿ. ಒಂದು ಸ್ಟ್ರಕ್ಟ್ ಇದೆ, ಅಂದರೆ ಹಲವು ಮೌಲ್ಯಗಳನ್ನು ಸಾಲಾಗಿ ಇಟ್ಟ ಒಂದು ಕಟ್ಟು. ಮೊದಲು 4 ಬೈಟ್‌ನ ಐಡಿ, ಆಮೇಲೆ ಒಂದು ಬಫರ್, ಕೊನೆಗೆ 4 ಬೈಟ್‌ನ ಕೌಂಟ್. ಬಫರ್ ಎಷ್ಟು ದೊಡ್ಡದು ಅನ್ನುವುದು ಹೆಡರ್‌ನಲ್ಲಿ (ಹಲವು ಸಿ ಫೈಲ್‌ಗಳು ಸೇರಿಸಿಕೊಳ್ಳುವ ಫೈಲ್) ಇಲ್ಲ. ಮೇಕ್ ಓಡಿಸುವಾಗ ಕಮಾಂಡ್ ಲೈನ್‌ನಲ್ಲಿ ಮ್ಯಾಕ್ರೋ (ಕಂಪೈಲ್ ಆಗುವಾಗ ಮೌಲ್ಯ ತುಂಬುವ ಹೆಸರು) ಆಗಿ ಕೊಡುತ್ತೇವೆ.

ಮೊನ್ನೆ ಅದನ್ನು 32ರಿಂದ 64 ಮಾಡಿದೆ. ಅದರ ಜೊತೆಗೆ ಎರಡು ಫೈಲ್ ತಿದ್ದಿದ್ದೆ. ಮೇಕ್ ಆ ಎರಡು ಫೈಲ್ ಮಾತ್ರ ಕಂಪೈಲ್ ಮಾಡಿತು, ಲಿಂಕ್ ಮಾಡಿತು, ಮುಗಿಯಿತು ಅಂದಿತು. ಒಂದು ವಾರ್ನಿಂಗ್ ಕೂಡ ಇಲ್ಲ. ಓಡಿಸಿದರೆ ಕೌಂಟ್‌ನಲ್ಲಿ ಬರೀ ಕಸ. ಒಮ್ಮೊಮ್ಮೆ ಇನ್ನೆಲ್ಲೋ ಮೆಮೊರಿ ಕೆಟ್ಟು ಬೀಳುತ್ತಿತ್ತು.

ಕೊನೆಗೆ ಎರಡು ಆಬ್ಜೆಕ್ಟ್ ಫೈಲ್ (ಒಂದೊಂದು ಸೋರ್ಸ್ ಫೈಲ್ ಕಂಪೈಲ್ ಆಗಿ ಬರುವ ಫೈಲ್) ಬಿಚ್ಚಿ ನೋಡಿದಾಗ ಗೊತ್ತಾಯಿತು. ಹೊಸದಾಗಿ ಕಂಪೈಲ್ ಆದ ಫೈಲ್ ಕೌಂಟನ್ನು 68ನೇ ಬೈಟ್‌ನಲ್ಲಿ ಬರೆಯುತ್ತಿದೆ. ಹಳೆಯ ಫೈಲ್‌ಗಳು 36ನೇ ಬೈಟ್‌ನಲ್ಲಿ ಓದುತ್ತಿವೆ. ಅದೂ ಅಲ್ಲದೆ ಜಾಗ ಕೊಡುವ ಫಂಕ್ಷನ್ ಹಳೆಯ ಫೈಲ್‌ನಲ್ಲಿದೆ, ಅದು ಕೊಡುವುದೇ 40 ಬೈಟ್. 40 ಬೈಟ್ ಜಾಗದಲ್ಲಿ 68ನೇ ಬೈಟ್‌ಗೆ ಬರೆದರೆ ಪಕ್ಕದವರ ಮನೆಗೆ ನುಗ್ಗಿದ ಹಾಗೆ.

ಎಲ್ಲ ಅಳಿಸಿ ಪೂರ್ತಿ ಬಿಲ್ಡ್ ಮಾಡಿದರೆ ಸರಿಹೋಗುತ್ತದೆ, ಆದರೆ ಅದಕ್ಕೆ 20 ನಿಮಿಷ. ಸೆಟ್ಟಿಂಗ್ ಬದಲಾದಾಗ ಬೇಕಾದಷ್ಟು ಮಾತ್ರ ಮತ್ತೆ ಕಂಪೈಲ್ ಆಗುವ ಹಾಗೆ ಮಾಡುವುದು ಹೇಗೆ?

ಕೊನೆಬೆಂಚು
ಮೇಕ್ ಕ್ಲೀನ್ ಮಾಡಿ ಸರ್. ಸೆಟ್ಟಿಂಗ್ ದಿನಾ ಬದಲಾಗುತ್ತದಾ? ವಾರಕ್ಕೊಮ್ಮೆ 20 ನಿಮಿಷ ಹೋದರೆ ಏನೂ ಆಗುವುದಿಲ್ಲ.

ಹಳೇಕೀಲಿ
ಕೊನೆಬೆಂಚು ಅವರೇ, ತೊಂದರೆ 20 ನಿಮಿಷದ್ದಲ್ಲ. ಕ್ಲೀನ್ ಮಾಡಬೇಕು ಅನ್ನುವುದು ನೆನಪಿರಬೇಕಲ್ವಾ? ಅವರಿಗೆ ನೆನಪಿರಲಿಲ್ಲ, ಅದಕ್ಕೇ ಎರಡು ದಿನ ಹೋಯಿತು. ನೆನಪಿಡುವ ಕೆಲಸ ಮನುಷ್ಯರಿಂದ ತೆಗೆಯಲಿ ಅಂತಲೇ ಮೇಕ್ ಹುಟ್ಟಿದ್ದು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ಯಾಕ್ (yacc) ಅನ್ನುವ ಪಾರ್ಸರ್ ತಯಾರಿಸುವ ಟೂಲ್ ಬರೆದ ಸ್ಟೀವ್ ಜಾನ್ಸನ್ ಒಂದು ಬೆಳಗ್ಗೆ ಪೂರ್ತಿ ಸರಿ ಇರುವ ಪ್ರೋಗ್ರಾಂನಲ್ಲೇ ತಪ್ಪು ಹುಡುಕುತ್ತಾ ಕೂತಿದ್ದರು. ತಪ್ಪನ್ನು ಆಗಲೇ ತಿದ್ದಿದ್ದರು, ಆದರೆ ಆ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಅದರಿಂದಲೇ ಮೇಕ್ ಬಂತು. ಮರಕುಟಿಗ ಅವರದ್ದೂ ಅದೇ ಕಥೆ, ಫೈಲ್ ಇದ್ದ ಜಾಗದಲ್ಲಿ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಇದೆ ಅಷ್ಟೇ.

ಮೇಕ್ ನೋಡುವುದು ಒಂದನ್ನೇ: ಟಾರ್ಗೆಟ್‌ಗಿಂತ (ತಯಾರಾಗಬೇಕಾದ ಫೈಲ್) ಅದರ ಅವಲಂಬನೆಯ ಫೈಲ್ (ತಯಾರಿಸಲು ಬೇಕಾದದ್ದು) ಹೊಸದಾ? ಕಮಾಂಡ್ ಬದಲಾಯಿತಾ, ವೇರಿಯೇಬಲ್ ಬದಲಾಯಿತಾ ಅಂತ ಅದು ಕೇಳುವುದೇ ಇಲ್ಲ. ಹಾಗಾಗಿ ನಿಮ್ಮ ಸೆಟ್ಟಿಂಗ್ ಕೂಡ ಒಂದು ಫೈಲ್ ಆಗಬೇಕು.

ಗುಬ್ಬಿ
ಅಷ್ಟೆಲ್ಲ ಯಾಕೆ? ಪ್ರತಿ ಆಬ್ಜೆಕ್ಟ್ ಫೈಲ್ ಮೇಕ್‌ಫೈಲ್ (ಮೇಕ್‌ನ ರೂಲ್‌ಗಳಿರುವ ಫೈಲ್) ಮೇಲೂ ಅವಲಂಬಿಸುತ್ತದೆ ಅಂತ ಒಂದು ಸಾಲು ಸೇರಿಸಿದರೆ ಆಯಿತು. ನಾನು ಯಾವಾಗಲೂ ಹಾಗೇ ಮಾಡುವುದು.

ಹಳೇಕೀಲಿ
ಗುಬ್ಬಿ, ಅದು ಎರಡು ಕಡೆಯಿಂದಲೂ ತಪ್ಪುತ್ತದೆ. ಮೇಕ್‌ಫೈಲ್‌ನಲ್ಲಿ ಒಂದು ಕಾಮೆಂಟ್ ತಿದ್ದಿದರೂ 900 ಫೈಲ್ ಕಂಪೈಲ್ ಆಗುತ್ತವೆ. ಇವರ ಹಾಗೆ ಕಮಾಂಡ್ ಲೈನ್‌ನಲ್ಲಿ ಮೌಲ್ಯ ಕೊಟ್ಟರೆ ಮೇಕ್‌ಫೈಲ್ ಬದಲಾಗಿಯೇ ಇರುವುದಿಲ್ಲ, ಆಗ ಒಂದೂ ಆಗುವುದಿಲ್ಲ.

ಗುಬ್ಬಿ
ಹೌದು, ಕಮಾಂಡ್ ಲೈನ್ ವಿಷಯ ನಾನು ಗಮನಿಸಿರಲಿಲ್ಲ. ನಮ್ಮಲ್ಲಿ ಎಲ್ಲ ಫೈಲ್ ಒಳಗೇ ಇರುತ್ತದೆ.

ಸಣ್ಣಕ್ಷರ
ಮರಕುಟಿಗ ಅವರೇ, ನಾನು ಹಲವು ವರ್ಷಗಳಿಂದ ಬಳಸುತ್ತಿರುವ ಕ್ರಮ ಹೇಳುತ್ತೇನೆ. ಬಿಲ್ಡ್ ಫೋಲ್ಡರ್‌ನಲ್ಲಿ ಫ್ಲ್ಯಾಗ್ಸ್ ಅಂತ ಒಂದು ಫೈಲ್. ಎಲ್ಲ ಆಬ್ಜೆಕ್ಟ್ ಫೈಲ್‌ಗಳೂ ಅದರ ಮೇಲೆ ಅವಲಂಬಿಸುತ್ತವೆ. ಆ ಫೈಲ್‌ನ ರೂಲ್ ಪ್ರತಿ ಸಲವೂ ಓಡಬೇಕು, ಅದಕ್ಕೆ ಫೋರ್ಸ್ ಅನ್ನುವ ಖಾಲಿ ಟಾರ್ಗೆಟ್ ಒಂದನ್ನು ಅವಲಂಬನೆಯಾಗಿ ಕೊಡಿ. ರೂಲ್ ಮಾಡುವ ಕೆಲಸ ಇಷ್ಟೇ. ಕಂಪೈಲರ್ ಹೆಸರು, ಫ್ಲ್ಯಾಗ್‌ಗಳು, ಮ್ಯಾಕ್ರೋಗಳು ಎಲ್ಲವನ್ನೂ ಒಂದು ತಾತ್ಕಾಲಿಕ ಫೈಲ್‌ಗೆ ಬರೆಯುತ್ತದೆ. ಹಳೆಯ ಫ್ಲ್ಯಾಗ್ಸ್ ಫೈಲ್ ಜೊತೆ ಹೋಲಿಸುತ್ತದೆ. ಒಂದೇ ಆಗಿದ್ದರೆ ತಾತ್ಕಾಲಿಕದ್ದನ್ನು ಅಳಿಸುತ್ತದೆ. ಬೇರೆ ಇದ್ದರೆ ಮಾತ್ರ ಹಳೆಯದರ ಜಾಗಕ್ಕೆ ತಂದು ಕೂರಿಸುತ್ತದೆ.

ಜೀವ ಇರುವುದು ಆ ಹೋಲಿಕೆಯಲ್ಲಿ. ರೂಲ್ ಓಡಿದರೂ ಫೈಲ್‌ನ ಸಮಯ ಬದಲಾಗದಿದ್ದರೆ ಜಿಎನ್‌ಯು ಮೇಕ್ ಮುಂದಿನದನ್ನು ಮುಟ್ಟುವುದಿಲ್ಲ. 32 ಇದ್ದದ್ದು 32 ಆಗೇ ಇದ್ದರೆ ಏನೂ ಕಂಪೈಲ್ ಆಗುವುದಿಲ್ಲ, 64 ಆದರೆ ಎಲ್ಲವೂ ಆಗುತ್ತದೆ.

ಒಂದು ಎಚ್ಚರಿಕೆ. ಫ್ಲ್ಯಾಗ್ಸ್ ಫೈಲನ್ನೇ ಫೋನಿ (ನಿಜವಾದ ಫೈಲ್ ಅಲ್ಲದ, ಬರೀ ಹೆಸರಿನ ಟಾರ್ಗೆಟ್) ಅಂತ ಘೋಷಿಸಬೇಡಿ. ಹಾಗೆ ಮಾಡಿದರೆ ಅದು ಯಾವಾಗಲೂ ಹೊಸದು ಅಂತ ಮೇಕ್ ತಿಳಿಯುತ್ತದೆ, ಪ್ರತಿ ಸಲ ಎಲ್ಲವೂ ಕಂಪೈಲ್ ಆಗುತ್ತದೆ. ಫೋರ್ಸ್ ಮಾತ್ರ ಫೋನಿ.

ನೀಲಿಪರದೆ
ಆ ಫೋನಿ ತಪ್ಪು ನಾನು ಮಾಡಿದ್ದೇನೆ. ಒಂದು ತಿಂಗಳು ಎಲ್ಲರೂ ಬಿಲ್ಡ್ ನಿಧಾನ ಅಂತ ಒದ್ದಾಡಿದರು. ಕಾರಣ ಸಿಕ್ಕಿದ್ದು ಮೇಕ್‌ಗೆ ಡೀಬಗ್ ಆಯ್ಕೆ ಕೊಟ್ಟು, ಯಾವ ಅವಲಂಬನೆಯಿಂದ ಮತ್ತೆ ಕಂಪೈಲ್ ಆಗುತ್ತಿದೆ ಅಂತ ಸಾಲು ಸಾಲು ಓದಿದಾಗ.

ತಂತಿಮನೆ
ಇದರಲ್ಲಿ ಒಂದು ಕೊರತೆ ಇದೆ. ಆ ರೂಲ್ ಪ್ರತಿ ಸಲ ಓಡುವುದರಿಂದ "ಎಲ್ಲವೂ ಸರಿ ಇದೆಯಾ" ಅಂತ ಕೇಳುವ ಕ್ವೆಶ್ಚನ್ ಆಯ್ಕೆ ಯಾವಾಗಲೂ "ಕೆಲಸ ಬಾಕಿ ಇದೆ" ಅನ್ನುತ್ತದೆ. ಸ್ಕ್ರಿಪ್ಟ್‌ಗಳು ಅದನ್ನು ನಂಬಿದ್ದರೆ ಕೆಡುತ್ತವೆ. ಹೋಲಿಕೆಯನ್ನು ರೂಲ್‌ನಲ್ಲಿ ಇಡದೆ, ಮೇಕ್‌ಫೈಲ್ ಓದುವಾಗಲೇ ಶೆಲ್ ಫಂಕ್ಷನ್‌ನಿಂದ (ಮೇಕ್ ಒಳಗಿಂದಲೇ ಕಮಾಂಡ್ ಓಡಿಸುವುದು) ಮಾಡಿ ಮುಗಿಸಿ.

ಸಣ್ಣಕ್ಷರ
ಹಾಗೆ ಮಾಡಿದರೆ ಡ್ರೈ ರನ್ ಕೆಡುತ್ತದೆ ತಂತಿಮನೆ. ಏನೂ ಮಾಡಬೇಡ, ಸುಮ್ನೆ ತೋರಿಸು ಅಂದರೂ ಶೆಲ್ ಫಂಕ್ಷನ್ ಓಡಿಯೇ ಓಡುತ್ತದೆ, ಫೈಲ್ ಬರೆದೇ ಬರೆಯುತ್ತದೆ. ನನಗೆ ಡ್ರೈ ರನ್ ಮುಖ್ಯ.

ತಂತಿಮನೆ
ಡ್ರೈ ರನ್ ದಿನಕ್ಕೆ ಎಷ್ಟು ಸಲ ಮಾಡುತ್ತೀರಿ? ನಮ್ಮ ಸರ್ವರ್ ಕ್ವೆಶ್ಚನ್ ಆಯ್ಕೆಯನ್ನು ಗಂಟೆಗೊಮ್ಮೆ ಕೇಳುತ್ತದೆ. ಯಾವುದು ಬೇಕೋ ನೋಡಿಕೊಂಡು ಆರಿಸಬೇಕು.

ಮರಕುಟಿಗ
ಸಣ್ಣಕ್ಷರ ಅವರೇ, ಈಗಲೇ ಮಾಡಿ ನೋಡಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡೆ. ನಮ್ಮ ಒಂದು ಮ್ಯಾಕ್ರೋದ ಮೌಲ್ಯದಲ್ಲಿ ಕೋಟ್ ಚಿಹ್ನೆಗಳಿವೆ. ಎಕೋ ಕಮಾಂಡ್‌ನಿಂದ ಫೈಲ್‌ಗೆ ಬರೆದಾಗ ಶೆಲ್ ಅವನ್ನು ನುಂಗಿಬಿಡುತ್ತದೆ.

ಸಣ್ಣಕ್ಷರ
ಜಿಎನ್‌ಯು ಮೇಕ್ 4.0 ಅಥವಾ ಹೊಸದು ಇದ್ದರೆ ಫೈಲ್ ಅನ್ನುವ ಫಂಕ್ಷನ್ ಇದೆ, 2013ರಲ್ಲಿ ಬಂತು. ಅದು ಶೆಲ್ ಕಡೆ ಹೋಗದೆ ನೇರವಾಗಿ ಫೈಲ್‌ಗೆ ಬರೆಯುತ್ತದೆ, ಕೋಟ್ ಚಿಹ್ನೆಗಳು ಇದ್ದ ಹಾಗೇ ಉಳಿಯುತ್ತವೆ. ಮ್ಯಾಕ್‌ನಲ್ಲಿ ಕೆಲಸ ಮಾಡುವವರಿದ್ದರೆ ನೋಡಿಕೊಳ್ಳಿ, ಆಪಲ್ ಜೊತೆಗೆ ಕೊಡುವುದು 3.81. ಅದರಲ್ಲಿ ಆ ಫಂಕ್ಷನ್ ಇಲ್ಲ.

ಬೆರಳಚ್ಚು
ಇನ್ನೂ ಮೇಕ್ ಹಿಡಿದುಕೊಂಡು ಯಾಕೆ ಒದ್ದಾಡುತ್ತೀರಿ? ನಿಂಜಾ ಅನ್ನುವ ಬಿಲ್ಡ್ ಟೂಲ್‌ಗೆ ಬನ್ನಿ. ಪ್ರತಿ ಔಟ್‌ಪುಟ್‌ನ ಕಮಾಂಡ್‌ನ ಹ್ಯಾಶನ್ನು (ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತು) ಅದು ತನ್ನ ಲಾಗ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕಮಾಂಡ್‌ನಲ್ಲಿ ಒಂದು ಅಕ್ಷರ ಬದಲಾದರೂ ಮತ್ತೆ ಓಡಿಸುತ್ತದೆ. ಸ್ಟ್ಯಾಂಪ್ ಫೈಲ್ (ಆ ಫ್ಲ್ಯಾಗ್ಸ್ ಫೈಲ್ ಥರದ್ದು), ಫೋರ್ಸ್ ಯಾವುದೂ ಬೇಡ. ಯಾಕೆ ಓಡಿಸಿತು ಅಂತ ಗೊತ್ತಾಗಬೇಕಾದರೆ ಎಕ್ಸ್‌ಪ್ಲೇನ್ ಅನ್ನುವ ಡೀಬಗ್ ಆಯ್ಕೆ ಕೊಡಿ, ಕಾರಣ ಹೇಳುತ್ತದೆ.

ಒಂಟಿಸಾಲು
ನಿಂಜಾ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅದು ನೋಡುವುದು ಕಮಾಂಡನ್ನು ಮಾತ್ರ, ಎನ್ವಿರಾನ್ಮೆಂಟ್ ವೇರಿಯೇಬಲ್‌ಗಳನ್ನಲ್ಲ (ಪ್ರೋಗ್ರಾಂಗೆ ಹೊರಗಿನ ಶೆಲ್‌ನಿಂದ ಸಿಗುವ ಮೌಲ್ಯಗಳು). ನಿಮ್ಮ ಸ್ಕ್ರಿಪ್ಟ್ ಒಳಗೊಳಗೇ ಒಂದು ವೇರಿಯೇಬಲ್ ಓದುತ್ತಿದ್ದರೆ ಕಮಾಂಡ್ ಹಾಗೇ ಇರುತ್ತದೆ, ಫಲ ಮಾತ್ರ ಬೇರೆ ಬರುತ್ತದೆ. ನಿಂಜಾಗೆ ಅದು ಕಾಣುವುದಿಲ್ಲ. ಆ ಮೌಲ್ಯವನ್ನು ಕಮಾಂಡ್‌ನಲ್ಲೇ ಆರ್ಗ್ಯುಮೆಂಟ್ ಆಗಿ ಬರೆದರೆ ಕಾಣುತ್ತದೆ.

ಬೆರಳಚ್ಚು
ಸರಿ, ಅದು ನಿಜ. ಆದರೂ ಮೇಕ್‌ಗಿಂತ ನೂರು ಪಾಲು ಮೇಲು.

ಹೊಸಎಲೆ
ನಾನು ಸಿಮೇಕ್ ಬಳಸುತ್ತೇನೆ. ಅದರಲ್ಲಿ ಇದೆಲ್ಲ ತಾನಾಗೇ ಆಗುತ್ತದಲ್ವಾ?

ಒಂಟಿಸಾಲು
ಫ್ಲ್ಯಾಗ್ ಬದಲಾದರೆ ಆಗುತ್ತದೆ. ಸಿಮೇಕ್ ಮೇಕ್‌ಫೈಲ್ ಬರೆಯುವಾಗ ಪ್ರತಿ ಟಾರ್ಗೆಟ್‌ಗೂ ಒಂದು ಫ್ಲ್ಯಾಗ್ಸ್ ಫೈಲ್ ಬರೆದು, ಆಬ್ಜೆಕ್ಟ್‌ಗಳನ್ನು ಅದಕ್ಕೆ ಕಟ್ಟುತ್ತದೆ. ಸಣ್ಣಕ್ಷರ ಹೇಳಿದ ಉಪಾಯವೇ. ಕಾನ್ಫಿಗರ್ ಫೈಲ್ ಕಮಾಂಡ್‌ನಿಂದ ಹೆಡರ್ ಬರೆಸಿದರೂ ಒಳಗಿನದ್ದು ಬದಲಾದಾಗ ಮಾತ್ರ ಅದರ ಸಮಯ ಬದಲಾಗುತ್ತದೆ.

ಎರಡು ಕಡೆ ಹುಷಾರಾಗಿರಬೇಕು. ಒಂದು, ಆಯ್ಕೆಯ ಡೀಫಾಲ್ಟ್ ಮೌಲ್ಯವನ್ನು ನೀವು ತಿದ್ದಿದರೂ ಈಗಾಗಲೇ ಇರುವ ಬಿಲ್ಡ್ ಫೋಲ್ಡರ್‌ನಲ್ಲಿ ಹಳೆಯದೇ ಉಳಿಯುತ್ತದೆ. ಅದು ಕ್ಯಾಶ್ ಫೈಲ್‌ನಲ್ಲಿ ಕೂತಿರುತ್ತದೆ. ತಿದ್ದಿದವರ ಹೊಸ ಫೋಲ್ಡರ್‌ನಲ್ಲಿ ಸರಿ, ಪಕ್ಕದವರ ಹಳೆಯ ಫೋಲ್ಡರ್‌ನಲ್ಲಿ ತಪ್ಪು. ಎರಡು, ಯಾವ ಕಂಪೈಲರ್ ಅಂತ ಎನ್ವಿರಾನ್ಮೆಂಟ್‌ನಿಂದ ಓದುವುದು ಮೊದಲ ಸಲ ಕಾನ್ಫಿಗರ್ ಮಾಡುವಾಗ ಮಾತ್ರ. ಆಮೇಲೆ ನೀವು ಎಷ್ಟು ಬದಲಿಸಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹೊಸಎಲೆ
ಅಯ್ಯೋ, ಮೊದಲನೆಯದು ನಮಗೆ ಹೋದ ವಾರವೇ ಆಗಿದೆ! ಒಬ್ಬರ ಮಷೀನ್‌ನಲ್ಲಿ ಮಾತ್ರ ಟೆಸ್ಟ್ ಬೀಳುತ್ತಿತ್ತು. ಈಗ ಅರ್ಥವಾಯಿತು. ತುಂಬಾ ಥ್ಯಾಂಕ್ಸ್.

ಮರಕುಟಿಗ
ಇನ್ನೊಂದು ಪ್ರಶ್ನೆ. ಸ್ಟ್ಯಾಂಪ್ ಫೈಲ್ ಕೆಲಸ ಮಾಡುತ್ತಿದೆ. ಆದರೆ ನಮ್ಮಲ್ಲಿ 60 ಸೆಟ್ಟಿಂಗ್ ಇವೆ. ಯಾವುದೋ ಒಂದು ಲಾಗ್ ಮಟ್ಟ ಬದಲಿಸಿದರೂ 900 ಫೈಲ್ ಕಂಪೈಲ್ ಆಗುತ್ತವೆ. ಆ ಲಾಗ್ ಮಟ್ಟ ಬೇಕಾಗಿರುವುದು ನಾಲ್ಕು ಫೈಲ್‌ಗೆ ಮಾತ್ರ.

ಹಳೇಕೀಲಿ
ಇದಕ್ಕೆ ನಾನು ನೋಡಿದ ಅತಿ ಚೆಂದದ ಉತ್ತರ ಲಿನಕ್ಸ್ ಕರ್ನಲ್‌ನ ಬಿಲ್ಡ್‌ನಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಕರ್ನಲ್‌ನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಸೆಟ್ಟಿಂಗ್ ಇವೆ. ಎಲ್ಲವೂ ಸೇರಿ ಒಂದೇ ಹೆಡರ್ ಆಗುತ್ತದೆ, ಹೆಸರು ಆಟೋಕಾನ್ಫ್. ಎಲ್ಲ ಫೈಲ್‌ಗಳಿಗೂ ಅದು ಸೇರುತ್ತದೆ. ಸುಮ್ನೆ ಬಿಟ್ಟರೆ ಒಂದು ಡ್ರೈವರ್ ಆನ್ ಮಾಡಿದರೂ ಇಡೀ ಕರ್ನಲ್ ಕಂಪೈಲ್ ಆಗಬೇಕು. ಅವರು ಮಾಡಿದ್ದು ಏನು ಅಂದರೆ, ಪ್ರತಿ ಸೆಟ್ಟಿಂಗ್‌ಗೂ ಅದರದೇ ಹೆಸರಿನ ಒಂದು ಖಾಲಿ ಫೈಲ್ ಇಟ್ಟರು. ಸೆಟ್ಟಿಂಗ್‌ನ ಮೌಲ್ಯ ಬದಲಾದರೆ ಆ ಒಂದು ಖಾಲಿ ಫೈಲ್‌ನ ಸಮಯ ಮಾತ್ರ ಬದಲಾಗುತ್ತದೆ.

ಇನ್ನು ಯಾವ ಆಬ್ಜೆಕ್ಟ್‌ಗೆ ಯಾವ ಸೆಟ್ಟಿಂಗ್ ಬೇಕು ಅಂತ ಗೊತ್ತಾಗಬೇಕಲ್ಲ. ಅದಕ್ಕೆ ಫಿಕ್ಸ್‌ಡೆಪ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಕಂಪೈಲರ್ ಬರೆದುಕೊಟ್ಟ ಅವಲಂಬನೆಯ ಪಟ್ಟಿಯಿಂದ ಅದು ಆಟೋಕಾನ್ಫ್ ಹೆಸರನ್ನು ತೆಗೆದುಹಾಕುತ್ತದೆ. ಆಮೇಲೆ ಆ ಸೋರ್ಸ್ ಮತ್ತು ಅದರ ಹೆಡರ್‌ಗಳನ್ನು ಬರೀ ಪಠ್ಯದ ಹಾಗೆ ಓದಿ, ಕಾನ್ಫಿಗ್ ಅಂತ ಶುರುವಾಗುವ ಹೆಸರುಗಳನ್ನು ಹೆಕ್ಕಿ, ಅವುಗಳ ಖಾಲಿ ಫೈಲ್‌ಗಳನ್ನು ಪಟ್ಟಿಗೆ ಸೇರಿಸುತ್ತದೆ. ಅಷ್ಟೇ. ಮೇಕ್‌ಗೆ ಫೈಲ್‌ನ ಸಮಯ ಬಿಟ್ಟು ಬೇರೇನೂ ಗೊತ್ತಿಲ್ಲ, ಅದಕ್ಕೆ ಅರ್ಥವಾಗುವ ಭಾಷೆಯಲ್ಲೇ ಹೇಳಿಬಿಟ್ಟರು.

ಕಾಮೆಂಟ್‌ನಲ್ಲಿ ಆ ಹೆಸರು ಇದ್ದರೂ ಅವಲಂಬನೆ ಅಂತ ಎಣಿಸುತ್ತದೆ. ಆಗ ಬೇಡದ ಒಂದೆರಡು ಫೈಲ್ ಜಾಸ್ತಿ ಕಂಪೈಲ್ ಆಗಬಹುದು, ಬೇಕಾದದ್ದು ಬಿಟ್ಟುಹೋಗುವುದಿಲ್ಲ. ಅವರು ತಪ್ಪುವುದಾದರೆ ಯಾವ ಕಡೆ ತಪ್ಪಬೇಕು ಅಂತ ಯೋಚಿಸಿ ಮಾಡಿದ್ದಾರೆ, ನನಗೆ ಅದು ತುಂಬಾ ಇಷ್ಟ.

ನೀಲಿಪರದೆ
ಅದರ ಜೊತೆಗೆ ಕರ್ನಲ್ ಬಿಲ್ಡ್‌ನಲ್ಲಿ ಇಫ್ ಚೇಂಜ್ಡ್ ಅನ್ನುವ ಫಂಕ್ಷನ್ ಕೂಡ ಇದೆಯಲ್ಲ. ಪ್ರತಿ ಆಬ್ಜೆಕ್ಟ್ ಪಕ್ಕದಲ್ಲೂ ಒಂದು ಅಡಗಿಸಿದ ಸಿಎಂಡಿ ಫೈಲ್, ಅದರಲ್ಲಿ ಹೋದ ಸಲದ ಪೂರ್ತಿ ಕಮಾಂಡ್. ಈಗಿನದ್ದಕ್ಕೂ ಅದಕ್ಕೂ ತಾಳೆ ಆಗದಿದ್ದರೆ ಮತ್ತೆ ಓಡುತ್ತದೆ. ಬಳಸುವಾಗ ಫೋರ್ಸ್ ಹಾಕುವುದನ್ನು ಮರೆಯಬಾರದು, ಮರೆತರೆ ಆ ಹೋಲಿಕೆ ನಡೆಯುವ ಸರದಿಯೇ ಬರುವುದಿಲ್ಲ. ಅದನ್ನು ಕರೆಯುವ ಸಾಲಿನಲ್ಲಿ ಅಲ್ಪವಿರಾಮದ ನಂತರ ಒಂದು ಸ್ಪೇಸ್ ಬಿಟ್ಟರೂ ಕೆಡುತ್ತದೆ, ಅವರ ದಾಖಲೆಯಲ್ಲೇ ತಪ್ಪು ಅಂತ ಬರೆದು ತೋರಿಸಿದ್ದಾರೆ.

ಮರಕುಟಿಗ
ಖಾಲಿ ಫೈಲ್ ಉಪಾಯ ಅದ್ಭುತ! 60 ಸೆಟ್ಟಿಂಗ್‌ಗೆ ನನಗೆ ಅಷ್ಟು ದೊಡ್ಡ ಯಂತ್ರ ಬೇಡ. ಸೆಟ್ಟಿಂಗ್‌ಗಳನ್ನು ಕಮಾಂಡ್ ಲೈನ್‌ನಿಂದ ತೆಗೆದು ಏಳೆಂಟು ಸಣ್ಣ ಹೆಡರ್‌ಗಳಾಗಿ ಒಡೆದರೆ? ಲಾಗ್‌ದು ಒಂದು, ಬಫರ್‌ದು ಒಂದು, ಹೀಗೆ. ಒಳಗಿನದ್ದು ಬದಲಾದರೆ ಮಾತ್ರ ಬರೆಯುವುದು.

ಹಳೇಕೀಲಿ
ನಿಮ್ಮ ಅಳತೆಗೆ ಅದೇ ಸರಿ. ಹೆಡರ್ ಆದರೆ ಕಂಪೈಲರ್ ಬರೆಯುವ ಅವಲಂಬನೆಯ ಪಟ್ಟಿಗೆ ತಾನಾಗೇ ಬರುತ್ತದೆ, ನೀವು ಏನೂ ಕಟ್ಟಬೇಕಾಗಿಲ್ಲ. ಆದರೆ ಆ ಹೆಡರ್ ಸೇರಿಸುವುದನ್ನು ಯಾರಾದರೂ ಮರೆತು, ಮ್ಯಾಕ್ರೋ ಇದೆಯಾ ಇಲ್ಲವಾ ಅಂತ ಮಾತ್ರ ಪರೀಕ್ಷಿಸಿದರೆ, ಇಲ್ಲ ಅಂತಲೇ ಆಗುತ್ತದೆ, ಯಾರೂ ದೂರು ಹೇಳುವುದಿಲ್ಲ. ಆಫ್ ಆಗಿರುವುದಕ್ಕೂ ಸೊನ್ನೆ ಅಂತ ಬರೆಯಿರಿ, ಪರೀಕ್ಷೆಯಲ್ಲಿ ಮೌಲ್ಯವನ್ನೇ ಕೇಳಿ. ಜಿಸಿಸಿ ಕಂಪೈಲರ್‌ನಲ್ಲಿ ಅನ್‌ಡೆಫ್ ವಾರ್ನಿಂಗ್ ಆನ್ ಮಾಡಿದರೆ ಮರೆತ ಕಡೆ ಹೇಳುತ್ತದೆ.

ಕೆಂಪುಕಲ್ಲು
ಸಿ ಮಾತ್ರ ಅಲ್ಲ, ರಸ್ಟ್ ಭಾಷೆಯಲ್ಲೂ ಇದೇ ಗುಂಡಿಗೆ ಬಿದ್ದಿದ್ದೇನೆ. ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ಓದಿದೆ. ವೇರಿಯೇಬಲ್ ಬದಲಿಸಿದರೆ ರಸ್ಟ್‌ನ ಬಿಲ್ಡ್ ಟೂಲ್ ಕಾರ್ಗೋ ಅಲುಗಾಡಲಿಲ್ಲ. ಇದನ್ನು ಗಮನಿಸು ಅಂತ "ರೀರನ್ ಇಫ್ ಎನ್ವ್ ಚೇಂಜ್ಡ್" ಸಾಲು ಮುದ್ರಿಸಬೇಕು. ಮುದ್ರಿಸಿದೆ, ಸರಿಹೋಯಿತು. ಆದರೆ ಇನ್ನೊಂದು ಕೆಟ್ಟಿತು. ಅಂಥ ಯಾವ ಸಾಲೂ ಇಲ್ಲದಿದ್ದಾಗ ಪ್ಯಾಕೇಜ್‌ನ ಯಾವ ಫೈಲ್ ಬದಲಾದರೂ ಸ್ಕ್ರಿಪ್ಟ್ ಓಡುತ್ತದೆ. ಒಂದು ಸಾಲು ಕೊಟ್ಟ ಕೂಡಲೇ ಆ ಅಭ್ಯಾಸ ನಿಲ್ಲುತ್ತದೆ. ಸ್ಕ್ರಿಪ್ಟ್ ಓದುವ ಟೆಂಪ್ಲೇಟ್ ಫೈಲ್ ತಿದ್ದಿದರೆ ಅದಕ್ಕೆ ಗೊತ್ತೇ ಆಗಲಿಲ್ಲ. ಒಂದು ಹೇಳಿದರೆ ಎಲ್ಲವನ್ನೂ ಹೇಳಬೇಕು.

ಗುಬ್ಬಿ
ಗ್ರೇಡಲ್ ಅನ್ನುವ ಬಿಲ್ಡ್ ಟೂಲ್‌ನಲ್ಲೂ ಹೀಗೇ. ಟಾಸ್ಕ್‌ಗೆ ಇನ್‌ಪುಟ್ ಅಂತ ಘೋಷಿಸದ ಮೌಲ್ಯ ಬದಲಾದರೆ "ಅಪ್ ಟು ಡೇಟ್" ಅಂತ ಬರೆದು ಮುಂದೆ ಹೋಗುತ್ತದೆ.

ಚಿಟ್ಟೆಬಲೆ
ವೆಬ್ ಕಡೆಯವರ ಕಷ್ಟವೂ ಕೇಳಿ. ನಮ್ಮ ಎಪಿಐ ವಿಳಾಸ (ವೆಬ್ ಪುಟ ಮಾತಾಡುವ ಸರ್ವರ್‌ನ ವಿಳಾಸ) ಎನ್ವಿರಾನ್ಮೆಂಟ್‌ನಲ್ಲಿರುತ್ತದೆ, ಬಿಲ್ಡ್ ಆಗುವಾಗ ಜಾವಾಸ್ಕ್ರಿಪ್ಟ್ ಒಳಗೆ ಅಚ್ಚಾಗಿಬಿಡುತ್ತದೆ. ಸಿಐನಲ್ಲಿ (ಸರ್ವರ್‌ನಲ್ಲಿ ತಾನಾಗೇ ಬಿಲ್ಡ್ ಮಾಡುವ ವ್ಯವಸ್ಥೆ) ಕ್ಯಾಶ್ ಕೀಲಿಯನ್ನು (ಹಳೆಯ ಬಿಲ್ಡ್ ಮತ್ತೆ ಬಳಸಬಹುದಾ ಅಂತ ನೋಡುವ ಗುರುತು) ಲಾಕ್ ಫೈಲ್ (ಲೈಬ್ರರಿಗಳ ವರ್ಷನ್ ಪಟ್ಟಿ) ಮತ್ತು ಸೋರ್ಸ್‌ನ ಹ್ಯಾಶ್‌ನಿಂದ ಮಾಡಿದ್ದೆವು. ಎರಡೂ ಒಂದೇ, ವಿಳಾಸ ಮಾತ್ರ ಬೇರೆ. ಪರೀಕ್ಷೆಯ ಸರ್ವರ್‌ಗೆ ಮಾತಾಡುವ ಬಂಡಲ್ ಬಳಕೆದಾರರ ಕೈಗೆ ಹೋಯಿತು. ಈಗ ಕೀಲಿಯಲ್ಲಿ ಆ ವೇರಿಯೇಬಲ್‌ಗಳನ್ನೂ ಸೇರಿಸಿದ್ದೇವೆ.

ಬೆರಳಚ್ಚು
ಎಲ್ಲ ವೇರಿಯೇಬಲ್‌ಗಳನ್ನೂ ಸೇರಿಸಿಬಿಡಿ, ತಲೆನೋವೇ ಇರುವುದಿಲ್ಲ.

ಚಿಟ್ಟೆಬಲೆ
ಇಲ್ಲ ಬೆರಳಚ್ಚು, ಅದನ್ನೂ ಮಾಡಿ ನೋಡಿದೆವು. ಎನ್ವಿರಾನ್ಮೆಂಟ್‌ನಲ್ಲಿ ಈಗಿನ ಫೋಲ್ಡರ್, ಟರ್ಮಿನಲ್ ಹೆಸರು, ಸಿಐ ಕೊಡುವ ಬಿಲ್ಡ್ ಸಂಖ್ಯೆ ಎಲ್ಲ ಇರುತ್ತವೆ. ಪ್ರತಿ ಸಲವೂ ಕೀಲಿ ಬೇರೆಯಾಯಿತು, ಕ್ಯಾಶ್ ಒಂದು ಸಲವೂ ಸಿಗಲಿಲ್ಲ. ಬಿಲ್ಡ್ ನಿಜವಾಗಿ ಓದುವ ಹೆಸರುಗಳನ್ನು ಮಾತ್ರ, ಅಕ್ಷರ ಕ್ರಮದಲ್ಲಿ ಜೋಡಿಸಿ ಬರೆಯಬೇಕು.

ಒಂಟಿಸಾಲು
ಪಾಸ್‌ವರ್ಡ್, ಟೋಕನ್ ಯಾವುದನ್ನೂ ಸ್ಟ್ಯಾಂಪ್ ಫೈಲ್‌ಗೆ ಬರೆಯಬೇಡಿ, ದಯವಿಟ್ಟು. ಬಿಲ್ಡ್ ಫೋಲ್ಡರನ್ನು ಜನ ಜಿಪ್ ಮಾಡಿ ಒಬ್ಬರಿಗೊಬ್ಬರು ಕಳಿಸುತ್ತಾರೆ.

ಹೊಸಎಲೆ
ಕಂಪೈಲರನ್ನೇ ಅಪ್‌ಗ್ರೇಡ್ ಮಾಡಿದರೆ? ಕಮಾಂಡ್ ಹಾಗೇ ಇರುತ್ತದೆ, ಫ್ಲ್ಯಾಗ್ ಕೂಡ.

ಸಣ್ಣಕ್ಷರ
ಒಳ್ಳೆಯ ಪ್ರಶ್ನೆ. ನಾನು ಕಂಪೈಲರ್‌ನ ವರ್ಷನ್ ಸಾಲನ್ನೂ ಫ್ಲ್ಯಾಗ್ಸ್ ಫೈಲ್‌ಗೆ ಬರೆಯುತ್ತೇನೆ. ಸಿಕ್ಯಾಶ್ (ಹಿಂದೆ ಕಂಪೈಲ್ ಆದದ್ದನ್ನು ಇಟ್ಟುಕೊಂಡು ಮತ್ತೆ ಕೊಡುವ ಟೂಲ್) ಬಳಸುವವರಿಗೆ ಅದು ಮಾಮೂಲಾಗಿ ಕಂಪೈಲರ್ ಫೈಲ್‌ನ ಸಮಯ ಮತ್ತು ಗಾತ್ರ ನೋಡುತ್ತದೆ. ಬೇಕಾದರೆ ಒಳಗಿನದ್ದನ್ನೇ ಹ್ಯಾಶ್ ಮಾಡು ಅಂತ ಹೇಳಬಹುದು.

ಕೊನೆಬೆಂಚು
ಇಷ್ಟೆಲ್ಲ ಓದಿದ ಮೇಲೆ ನನ್ನ ಮೊದಲ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಬಿಡುಗಡೆಗೆ ಕೊಡುವ ಬಿಲ್ಡ್ ಮಾತ್ರ ಖಾಲಿ ಫೋಲ್ಡರ್‌ನಿಂದಲೇ ಶುರುವಾಗಬೇಕು. ಅದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ತಂತಿಮನೆ
ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು ಸೇರಿಸಿ: ವಾರಕ್ಕೊಮ್ಮೆ ಅದೇ ಸೆಟ್ಟಿಂಗ್‌ನಲ್ಲಿ ಹಳೆಯ ಫೋಲ್ಡರ್ ಮೇಲೆ ಒಂದು, ಖಾಲಿ ಫೋಲ್ಡರ್‌ನಲ್ಲಿ ಒಂದು ಬಿಲ್ಡ್ ಮಾಡಿ, ಆಬ್ಜೆಕ್ಟ್ ಫೈಲ್‌ಗಳನ್ನು ಹೋಲಿಸಿ. ಬೇರೆ ಬಂದ ಫೈಲ್ ಯಾವುದೋ ಅಲ್ಲೇ ಒಂದು ಅವಲಂಬನೆ ಬಿಟ್ಟುಹೋಗಿದೆ. ಕೋಡ್‌ನಲ್ಲಿ ದಿನಾಂಕ, ಸಮಯದ ಮ್ಯಾಕ್ರೋ ಇದ್ದರೆ ಸುಮ್ನೆ ಬೇರೆ ಬರುತ್ತದೆ. ಎರಡು ಸಲವೂ ಸೋರ್ಸ್ ಡೇಟ್ ಎಪೋಕ್ ವೇರಿಯೇಬಲ್‌ಗೆ ಒಂದೇ ಮೌಲ್ಯ ಕೊಡಿ, ಜಿಸಿಸಿ ಅದನ್ನೇ ಬಳಸುತ್ತದೆ. ಪೂರ್ತಿ ಪಾತ್ ಕೂಡ ಒಳಗೆ ಸೇರದ ಹಾಗೆ ನೋಡಿಕೊಳ್ಳಬೇಕು.

ಮರಕುಟಿಗ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆಯವರೆಗೆ ಕೂತು ಮಾಡಿ ಮುಗಿಸಿದೆ. 60 ಸೆಟ್ಟಿಂಗ್ ಈಗ ಎಂಟು ಹೆಡರ್. ಕಂಪೈಲರ್ ಹೆಸರು, ವರ್ಷನ್, ಉಳಿದ ಫ್ಲ್ಯಾಗ್‌ಗಳು ಒಂದು ಸ್ಟ್ಯಾಂಪ್ ಫೈಲ್‌ನಲ್ಲಿ. ಲಾಗ್ ಮಟ್ಟ ಬದಲಿಸಿದೆ, ನಾಲ್ಕು ಫೈಲ್ ಕಂಪೈಲ್ ಆದವು. ಬಫರನ್ನು 64ರಿಂದ 32ಕ್ಕೆ ಇಳಿಸಿದೆ, 212 ಫೈಲ್. ಮತ್ತೆ 64 ಮಾಡಿದೆ, ಅದೇ 212. ಏನೂ ಬದಲಿಸದೆ ಓಡಿಸಿದೆ, ಒಂದೂ ಇಲ್ಲ.

ತಂತಿಮನೆ ಹೇಳಿದ ಹೋಲಿಕೆಯನ್ನೂ ಮಾಡಿದೆ. ಒಂದು ಫೈಲ್ ಬೇರೆ ಬಂತು. ಅದು ಸಿ ಫೈಲ್ ಅಲ್ಲ, ಅಸೆಂಬ್ಲಿ. ಅದಕ್ಕೆ ಬಫರ್ ಗಾತ್ರ ಇನ್ನೂ ಹಳೆಯ ಕಮಾಂಡ್ ಲೈನ್‌ನಿಂದಲೇ ಹೋಗುತ್ತಿದೆ.

ಸಣ್ಣಕ್ಷರ
ಅಸೆಂಬ್ಲಿ ಫೈಲ್‌ನ ಎಕ್ಸ್‌ಟೆನ್ಶನ್‌ನಲ್ಲಿ ಎಸ್ ಅಕ್ಷರ ಚಿಕ್ಕದಿದೆಯಾ, ದೊಡ್ಡದಿದೆಯಾ? ಚಿಕ್ಕದಾದರೆ ಜಿಸಿಸಿ ಅದನ್ನು ಪ್ರೀಪ್ರೊಸೆಸರ್‌ಗೆ (ಹೆಡರ್, ಮ್ಯಾಕ್ರೋಗಳನ್ನು ತುಂಬುವ ಹಂತ) ಕೊಡುವುದಿಲ್ಲ, ನಿಮ್ಮ ಹೆಡರ್ ಅದಕ್ಕೆ ತಲುಪುವುದಿಲ್ಲ. ದೊಡ್ಡ ಎಸ್ ಮಾಡಿ, ಹೆಡರ್ ಸೇರಿಸಿ, ಅವಲಂಬನೆ ಬರೆಯುವ ಆಯ್ಕೆಯನ್ನು ಅದರ ರೂಲ್‌ಗೂ ಕೊಡಿ. ಆ ಹೆಡರ್‌ನಲ್ಲಿ ಬರೀ ಮ್ಯಾಕ್ರೋ ಇರಲಿ, ಸಿ ಸ್ಟ್ರಕ್ಟ್ ಇದ್ದರೆ ಅಸೆಂಬ್ಲರ್ ಕೂಗಾಡುತ್ತದೆ.

ಮರಕುಟಿಗ
ಚಿಕ್ಕ ಎಸ್ ಇತ್ತು! ಬದಲಿಸಿದೆ. ಈಗ ಎರಡೂ ಕಡೆ ಎಲ್ಲ ಫೈಲ್ ಒಂದೇ ಬಂದವು. ಬಫರ್ ಬದಲಿಸಿದರೆ 213.